ಪಂಪ್‌ಹೌಸಿನ ದುಂಡು ಕಾಗದ

ಹಣೆಯ ಮೇಲೆ ಎದ್ದಿದ್ದ ಬುಗುಟನ್ನು ಒಂದು ಕೈಯಲ್ಲಿ ಸವರಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಇನ್‌ಸ್ಪೆಕ್ಟರಮ್ಮ ಆ ದುಂಡು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಊಟದ ತಟ್ಟೆಯಷ್ಟು ಅಗಲದ ಕಾಗದ. ಅಂಚಿನ ಸುತ್ತ ಇಪ್ಪತ್ತನಾಲ್ಕು ಗಂಟೆಗಳ ಗುರುತು. ಪಂಪ್‌ಹೌಸಿನ ಗೋಡೆಗೆ ತಗುಲಿಸಿದ ಹಳೇ ಯಂತ್ರವೊಂದು ಅದನ್ನು ದಿನಕ್ಕೊಂದು ಸುತ್ತು ತಿರುಗಿಸುತ್ತದೆ. ಅದರ ಮೇಲೆ ಒಂದು ಸಣ್ಣ ಪೆನ್ನು ಕೊಳವೆಯಲ್ಲಿರುವ ನೀರಿನ ಒತ್ತಡವನ್ನು ಗೀಚುತ್ತ ಹೋಗುತ್ತದೆ. ಒತ್ತಡ ಇದ್ದರೆ ಗೆರೆ ಅಂಚಿನ ಕಡೆ, ಬಿದ್ದರೆ ನಡುವಿನ ಕಡೆ. ಕಂಪ್ಯೂಟರು ಬಂದ ಮೇಲೆ ಅದರ ಅಗತ್ಯವಿರಲಿಲ್ಲ. ಬಿಸಾಡಲು ಯಾರಿಗೂ ಮನಸ್ಸು ಬಂದಿರಲಿಲ್ಲ, ಅಷ್ಟೆ.

ಈಗ ಇದ್ದದ್ದು ಅದೊಂದೇ ಸಾಕ್ಷಿ. ನಿನ್ನೆ ಬೆಳಗ್ಗೆ ಯಾರೋ ಈ ಪಂಪ್‌ಹೌಸಿನ ಕಂಪ್ಯೂಟರಿಗೆ ದೂರದಿಂದಲೇ ನುಗ್ಗಿ ಮೂರೂ ಪಂಪುಗಳನ್ನು ನಿಲ್ಲಿಸಿದ್ದರು. ಪಂಪು ಹಠಾತ್ತನೆ ನಿಂತರೆ ನೀರು ವಾಪಸ್ ಬಂದು ಹೊಡೆಯುತ್ತದೆ. ನೆಲದಡಿಯ ದೊಡ್ಡ ಕೊಳವೆ ಒಡೆದು, ಕೆಳಗಿನ ಬೀದಿಯ ರಸ್ತೆ ಕುಸಿದು, ಹಾಲಿನ ವ್ಯಾನೊಂದು ಹೊಂಡಕ್ಕೆ ಬಿದ್ದಿತ್ತು. ಡ್ರೈವರನ ಎರಡೂ ಕಾಲು ಮುರಿದಿದ್ದವು. ನುಗ್ಗಿದವರು ಹೋಗುವಾಗ ಕಂಪ್ಯೂಟರಿನ ಆ ದಿನದ ದಾಖಲೆಯನ್ನೆಲ್ಲ ಒರೆಸಿ ಹೋಗಿದ್ದರು.

ಅಪ್ಪಣೆ ಗಡಿಯಾಚೆಯಿಂದ ಬಂತು ಅನ್ನುವುದು ಕಂಪ್ಯೂಟರ್ ತಜ್ಞರೊಬ್ಬರ ವರದಿ. ಬಂದದ್ದು ಐದು ಗಂಟೆ ನಲವತ್ತು ನಿಮಿಷಕ್ಕೆ ಅನ್ನುವುದು ಟೆಲಿಫೋನ್ ಕಂಪನಿಯ ದಾಖಲೆ. ಕೊಳವೆ ಒಡೆದದ್ದು ಐದು ಐವತ್ತಕ್ಕೆ ಅನ್ನುವುದು ಈ ದುಂಡು ಕಾಗದ. ರಸ್ತೆ ಕುಸಿದದ್ದು ಆರೂ ಐದಕ್ಕೆ, ಇದಕ್ಕೆ ಇಡೀ ಬೀದಿಯೇ ಸಾಕ್ಷಿ. ಒಂದರ ಹಿಂದೊಂದು, ಸೂಜಿಯ ಹಿಂದೆ ದಾರ ಬಂದ ಹಾಗೆ.

ಮಧ್ಯಾಹ್ನ ಎರಡಕ್ಕೆ ಮಂತ್ರಿಮಂಡಲ ಸೇರುವುದಿತ್ತು. ಮುಂದಿದ್ದ ಪ್ರಶ್ನೆ ಒಂದೇ: ಇದು ಯುದ್ಧವೋ ಅಲ್ಲವೋ. ಹೋದ ವರ್ಷ ಅವರೇ ಬರೆದಿಟ್ಟ ನಿಯಮವೊಂದಿತ್ತು. ಬಾಂಬು ಮಾಡುವ ಹಾನಿಯನ್ನು ಕಂಪ್ಯೂಟರು ಮಾಡಿದರೆ ಅದನ್ನೂ ಬಾಂಬೆಂದೇ ಎಣಿಸಬೇಕು. ಹೊಂಡದ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಥೇಟ್ ಬಾಂಬು ಬಿದ್ದ ಹಾಗೇ ಇತ್ತು.

ಗಡಿಯ ಠಾಣೆಯಲ್ಲಿ ಸೇನೆಯ ಆಂಬುಲೆನ್ಸ್ ಓಡಿಸುವ ಇನ್‌ಸ್ಪೆಕ್ಟರಮ್ಮನ ಮಗಳು ಬೆಳಗ್ಗೆ ಫೋನಿಗೆ ಒಂದು ಸಾಲು ಕಳಿಸಿದ್ದಳು. "ಮುಂದಕ್ಕೆ ಹೋಗೋಕೆ ಹೇಳಿದಾರೆ. ಊಟ ಆಯ್ತು." ಎರಡನೆಯ ಮಾತು ಅಮ್ಮನಿಗಾಗಿ ಬರೆದದ್ದು. ಬೆಳಗ್ಗೆ ಆರೂವರೆಗೆ ಯಾರು ಊಟ ಮಾಡುತ್ತಾರೆ?

ಈಗ ಹನ್ನೆರಡೂ ಕಾಲು.

ಒಳಕೋಣೆಯಲ್ಲಿ ತಜ್ಞರು ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಿತ್ತು. ಬೆಳಗ್ಗೆ ಅವರೂ ಇನ್‌ಸ್ಪೆಕ್ಟರಮ್ಮನೂ ಒಂದೇ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ತಜ್ಞರು, ಇಂಥ ಜಾಗ ಜನ್ಮದಲ್ಲಿ ನೋಡಿಲ್ಲ, ನಂದೆಲ್ಲ ಗಾಜಿನ ಕೋಣೆಯ ಕೆಲಸ ಅಂದಿದ್ದರು. ಮಾತು ಕಡಿಮೆ, ತಾಳೆಮರದಂಥ ಎತ್ತರ. ಫೋನಿನಲ್ಲಿ ಮಾತಾಡುತ್ತಲೇ ಅವರು ಒಳಗೆ ಹೋಗಿಯಾಗಿತ್ತು. ಕಾರಿನಿಂದ ಫೈಲುಗಳನ್ನು ಎತ್ತಿಕೊಂಡು ಆಮೇಲೆ ಬಂದ ಇನ್‌ಸ್ಪೆಕ್ಟರಮ್ಮನ ಹಣೆ ಬಾಗಿಲ ತೊಲೆಗೆ ಠಣ್ಣನೆ ಬಡಿದಿತ್ತು. ಕಾವಲಿನವನು ನಗು ನುಂಗಿಕೊಂಡು ಸಮಾಧಾನ ಹೇಳಿದ್ದ. ಮೊದಲ ಸಲ ಬಂದವರೆಲ್ಲ ಆ ತೊಲೆಗೆ ಒಂದು ಕಾಣಿಕೆ ಕೊಟ್ಟೇ ಒಳಗೆ ಬರೋದಂತೆ. ಎರಡನೇ ಸಲ ತಲೆ ತಾನಾಗೇ ಬಗ್ಗುತ್ತದಂತೆ.

ಫೈಲಿನಲ್ಲಿದ್ದದ್ದು ಕಾಗದದ ಝೆರಾಕ್ಸ್, ಅದೂ ಐದರಿಂದ ಆರೂವರೆಯವರೆಗಿನ ತುಂಡು ಮಾತ್ರ. ಉಳಿದದ್ದು ಯಾರಿಗೂ ಬೇಕಾಗಿರಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಬೇರೆ ಅಭ್ಯಾಸ. ಮಕ್ಕಳು ಬಟ್ಟೆ ಒಗೆಯಲು ಹಾಕಿದರೆ ಜೇಬನ್ನೆಲ್ಲ ಹೊರಗೆಳೆದು ನೋಡಿಯೇ ನೀರಿಗೆ ಹಾಕುವವರು. ಅಸಲು ಕಾಗದ ತರಿಸಿ, ಸುತ್ತ ತಿರುಗಿಸುತ್ತ ಹೋದರು. ಎಂಟು ಗಂಟೆಯ ಹತ್ತಿರ ಕೈ ನಿಂತಿತು.

ಎಂಟರಿಂದ ಎಂಟೂ ಇಪ್ಪತ್ತೈದರವರೆಗೆ ಕಾಗದದ ಮೇಲೆ ಒಂದಲ್ಲ, ಎರಡು ಗೆರೆ. ಒಂದು ನಡುವಿನಲ್ಲೇ ಮಲಗಿತ್ತು, ಅಂದರೆ ಕೊಳವೆಯಲ್ಲಿ ನೀರಿಲ್ಲ. ಇನ್ನೊಂದು ನಿಧಾನಕ್ಕೆ ಮೇಲೇರುತ್ತಿತ್ತು, ಅಂದರೆ ನೀರು ಬರುತ್ತಿದೆ. ಒಂದೇ ಹೊತ್ತಿನಲ್ಲಿ ನೀರು ಇತ್ತು, ಇರಲೂ ಇಲ್ಲ.

ಕಾಗದವನ್ನು ಮೇಜಿನ ಮೇಲಿಟ್ಟು, ಅವರು ಹಾಜರಿ ಪುಸ್ತಕ ಎಳೆದುಕೊಂಡರು. ಬೆಳಗಿನ ಪಾಳಿಯ ನಾಲ್ವರು ತಿಂಗಳುಗಟ್ಟಲೆ ಆರಕ್ಕೆ, ಆರೂ ಎರಡಕ್ಕೆ, ಆರಕ್ಕೆ ಐದು ನಿಮಿಷವಿದ್ದಾಗ ರುಜು ಹಾಕಿದ್ದರು. ಇವತ್ತು ಒಂದು ದಿನ ಮಾತ್ರ ಐದೂ ಮೂವತ್ತೈದು, ಐದೂ ಮೂವತ್ತಾರು.

ನೀರು ಸರಬರಾಜಿನ ನೌಕರರು, ನಾಲ್ಕಕ್ಕೆ ನಾಲ್ಕೂ ಮಂದಿ, ಇಪ್ಪತ್ತೈದು ನಿಮಿಷ ಮುಂಚೆ ಕೆಲಸಕ್ಕೆ ಬಂದಿದ್ದಾರೆ. ಇದಕ್ಕಿಂತ ದೊಡ್ಡ ಸುಳಿವು ತನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಸಿಕ್ಕಿಲ್ಲ ಅಂದುಕೊಂಡರು ಇನ್‌ಸ್ಪೆಕ್ಟರಮ್ಮ.

ಅವರು ಗೋಡೆಯ ಗಡಿಯಾರ ನೋಡಿದರು. ಕೈಗಡಿಯಾರ ನೋಡಿದರು. ಎರಡೂ ಸರಿಯಾಗಿದ್ದವು. ಆದರೆ ಗೋಡೆಯ ಗಡಿಯಾರದ ಗಾಜಿನ ಮೇಲೆ ವರ್ಷಗಳ ಎಣ್ಣೆಮಸಿ ಕೂತಿತ್ತು, ಮುಳ್ಳು ತಿರುಗಿಸುವ ಕಡೆ ಮಾತ್ರ ಎರಡು ಬೆರಳಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು.

"ಮೇಸ್ತ್ರಿಯವರನ್ನ ಕರೀರಿ," ಅಂದರು ಕಾವಲಿನವನಿಗೆ.

ಪಂಪ್‌ಹೌಸಿನ ಮೇಸ್ತ್ರಿ ನಿನ್ನೆ ಮಧ್ಯಾಹ್ನದಿಂದ ಹೊಂಡದ ಬೀದಿಯಲ್ಲೇ ಇದ್ದರು, ಒಡೆದ ಕೊಳವೆ ಜೋಡಿಸುತ್ತ. ಮಂಡಿಯವರೆಗೆ ಕೆಸರು, ಕಣ್ಣಲ್ಲಿ ನಿದ್ದೆಯಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೂವತ್ತು ವರ್ಷದಿಂದ ಈ ಮೂರು ಪಂಪುಗಳನ್ನು ಸಾಕಿದವರು. ಸಾಕಿದವರು ಅನ್ನುವುದೇ ಸರಿ: ಪಂಪುಗಳಿಗೆ ದೊಡ್ಡಕ್ಕ, ನಡುವಕ್ಕ, ಚಿಕ್ಕಕ್ಕ ಅಂತ ಹೆಸರಿಟ್ಟು, ದೊಡ್ಡಕ್ಕನಿಗೆ ಕೋಪ ಜಾಸ್ತಿ ಅಂತ ಹೊಸಬರಿಗೆ ಹೇಳಿಕೊಡುತ್ತಿದ್ದರು.

ತೊಲೆಯ ಕೆಳಗೆ ನೋಡದೆಯೇ ತಲೆ ತಗ್ಗಿಸಿ ಒಳಗೆ ಬಂದರು. ಮೇಜಿನ ಮೇಲೆ ಕಾಗದವನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಕಂಡು, ಕೂರಲು ಹೇಳುವ ಮೊದಲೇ ಕೂತರು.

ಇನ್‌ಸ್ಪೆಕ್ಟರಮ್ಮ ಮೊದಲು ನೀರು ಕೊಟ್ಟರು. ಕುಡಿದು ಮುಗಿಯುವವರೆಗೆ ಸುಮ್ಮನಿದ್ದರು. ಹಾಲು ಕಾಯಿಸುವಾಗಲೂ, ಮನುಷ್ಯರನ್ನು ಕೇಳುವಾಗಲೂ ಉರಿ ಸಣ್ಣಗಿರಬೇಕು ಅನ್ನುವುದು ಅವರ ಅನುಭವ.

"ಗಡಿಯಾರ ಎಷ್ಟು ಮುಂದಿತ್ತು ಮೇಸ್ತ್ರಿ?"

ಮೇಸ್ತ್ರಿ ಲೋಟವನ್ನು ಕೆಳಗಿಟ್ಟರು. ಗಡಿಯಾರ ಸರಿಯಾಗೇ ಇದೆಯಲ್ಲ, ಬೇಕಾದರೆ ನೋಡಿ ಅಂದರು.

"ಇವತ್ತಿನದಲ್ಲ ನಾನು ಕೇಳಿದ್ದು."

ಮೇಸ್ತ್ರಿ ಕೆಸರಾದ ಕೈಯನ್ನು ಅಂಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಇನ್‌ಸ್ಪೆಕ್ಟರಮ್ಮ ದನಿ ಏರಿಸಲಿಲ್ಲ. ಈ ಎರಡು ಗೆರೆ ಹೇಗೆ ಬಂತು ಅಂತ ನಾನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ ಅಂದರು. ಕಾಗದ ಎಂಟೂ ಇಪ್ಪತ್ತೈದು ತೋರಿಸುತ್ತಿದ್ದಾಗ ನಿಜವಾದ ಹೊತ್ತು ಬರೀ ಎಂಟು. ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಾರೆ ಅಂತ ಸುದ್ದಿ ಬಂತು. ನೀವು ಗೋಡೆಯ ಗಡಿಯಾರ ಹಿಂದಕ್ಕೆ ತಿರುಗಿಸಿದಿರಿ. ಅದಕ್ಕೆ ಸರಿಹೊಂದಿಸಿದ್ದ ಕಾಗದವನ್ನೂ ಹಿಂದಕ್ಕೆ ತಿರುಗಿಸಿದಿರಿ. ಆಮೇಲೆ ಒಡೆದ ಕೊಳವೆಯ ಕಡೆ ನೀರು ಮುಚ್ಚಿ ಪಂಪು ಶುರುಮಾಡಿದಿರಿ, ನೀರು ಏರಿತು, ಪೆನ್ನು ನಡೆದ ದಾರಿಯಲ್ಲೇ ಇನ್ನೊಂದು ಸಲ ನಡೆಯಿತು.

"ಗಡಿಯಾರ ತಿದ್ದಿದ್ರಿ, ಹೊಟ್ಟೆಪಾಡಿಗೆ ಬರೋ ನಾಲ್ಕು ಜನರ ಕಾಲು ತಿದ್ದೋಕಾಗಲಿಲ್ಲ. ಅವರು ಇವತ್ತೂ ಹಳೇ ಹೊತ್ತಿಗೇ ಬಂದ್ರು."

ಮೇಸ್ತ್ರಿಯ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಆ ನಗುವಿನ ಹಿಂದೆಯೇ ಮಾತೂ ಬಂತು.

ಅದು ಮೂವತ್ತು ವರ್ಷದ ಹಳೇ ಕಥೆ. ಅವರು ಹೊಸದಾಗಿ ಸೇರಿದಾಗ, ಬಸುರಿ ಹೆಂಡತಿಗೆ ನೋವು ಶುರುವಾಗಿದೆ ಅಂತ ಒಂದು ಬೆಳಗ್ಗೆ ಹೇಳಿಕಳಿಸಿದ್ದರಂತೆ. ಪಂಪು ಬಿಟ್ಟು ಹೋಗುವ ಹಾಗಿಲ್ಲ. ಆರಕ್ಕೆ ಬರಬೇಕಾದ ಪಾಳಿಯವನು ಬಂದದ್ದು ಆರೂ ಇಪ್ಪತ್ತಕ್ಕೆ. ಇವರು ಓಡಿಕೊಂಡು ಮನೆ ಮುಟ್ಟುವಷ್ಟರಲ್ಲಿ ಮಗು ಹುಟ್ಟಿ ಅತ್ತು, ಅಳು ನಿಲ್ಲಿಸಿತ್ತು. ಮಗು ಆರೋಗ್ಯವಾಗಿತ್ತು, ತಾಯಿಯೂ ಚೆನ್ನಾಗಿದ್ದಳು, ಆದರೆ ಆ ಮೊದಲ ಅಳು ಕೇಳಲಿಲ್ಲ ಅನ್ನುವ ಕೊರಗು ಉಳಿಯಿತು. ಮಾರನೇ ದಿನ ಅವರು ಗೋಡೆಯ ಗಡಿಯಾರವನ್ನು ಇಪ್ಪತ್ತೈದು ನಿಮಿಷ ಮುಂದಕ್ಕಿಟ್ಟರು. ನೌಕರರು ಫೋನು, ಕೈಗಡಿಯಾರಗಳನ್ನೆಲ್ಲ ಗೇಟಿನಲ್ಲೇ ಇಟ್ಟು ಬರಬೇಕೆಂಬ ನಿಯಮವಿದ್ದುದರಿಂದ ಒಳಗೆ ಅವರು ನೋಡುವುದು ಅದೊಂದೇ ಗಡಿಯಾರ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಇದು ಊರಿನ ಹೊತ್ತು, ಇದು ಪಂಪ್‌ಹೌಸಿನ ಹೊತ್ತು ಅಂತ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ.

"ಅವತ್ತಿಂದ ಯಾರೂ ಲೇಟಾಗಿ ಮನೆಗೆ ಹೋಗಿಲ್ಲ ಅಮ್ಮಾ," ಅಂದರು ಮೇಸ್ತ್ರಿ. ಅದರಲ್ಲಿ ಹೆಮ್ಮೆ ಇತ್ತು.

"ಹಾಗಾದ್ರೆ ಕೊಳವೆ ಒಡೆದಿದ್ದು ಐದು ಐವತ್ತಕ್ಕಲ್ಲ."

"ಅಲ್ಲ."

"ಇಪ್ಪತ್ತೈದು ನಿಮಿಷ ಕಳೀರಿ."

"ಐದೂ ಇಪ್ಪತ್ತೈದು." ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. "ಅವರು ನುಗ್ಗೋಕೆ ಹದಿನೈದು ನಿಮಿಷ ಮೊದಲೇ ಒಡೆದಿತ್ತು. ತಾನಾಗೇ ಒಡೆದಿತ್ತು."

ಹೊರಗೆ ಪಂಪುಗಳು ಗುಂಯ್ಯೆನ್ನುತ್ತಿದ್ದವು. ಇನ್‌ಸ್ಪೆಕ್ಟರಮ್ಮ ಕುರ್ಚಿಗೆ ಒರಗಿದರು.

ನಿನ್ನೆಯೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಮೇಸ್ತ್ರಿ ಮಂಡಿ ತೋರಿಸಿದರು. ಹೋದ ತಿಂಗಳು ಕೆಳಗಿನ ಬೀದಿಯ ಗುಂಡಿಗೆ ಇಳಿದು ಕೊಳವೆ ಪರೀಕ್ಷಿಸಬೇಕಿತ್ತು. ಮಂಡಿನೋವಿಗೆ ಇಳಿಯಲಾಗಲಿಲ್ಲ. ಇಳಿದೆ, ಚೆನ್ನಾಗಿದೆ ಅಂತ ರುಜು ಹಾಕಿದ್ದರು. ಕೊಳವೆ ಒಡೆದಾಗ ಮೊದಲು ನೆನಪಾದದ್ದೇ ಆ ರುಜು. ಅಷ್ಟರಲ್ಲಿ ಟಿವಿಯವರು ಶತ್ರು ಮಾಡಿದ ಅಂದರು. ತನ್ನ ತಪ್ಪನ್ನು ಹೊರಲು ಯಾರೋ ಪರದೇಶಿ ಹೆಗಲು ಕೊಟ್ಟ ಹಾಗಾಯಿತು. ಸುಮ್ಮನಾದರು.

"ಯುದ್ಧ ಅಂತಾರೆ ಅಂತ ನಂಗೇನಮ್ಮಾ ಗೊತ್ತು? ಕೊಳವೆ ಒಡೆದ್ರೆ ಮೇಲಿನವರು ನೋಟಿಸ್ ಕೊಡ್ತಾರೆ. ಯುದ್ಧ ಮಾಡ್ತಾರಾ?"

"ನನ್ನ ಮಗಳು ಗಡಿಯಲ್ಲಿದಾಳೆ," ಅಂದರು ಇನ್‌ಸ್ಪೆಕ್ಟರಮ್ಮ.

ಮೇಸ್ತ್ರಿ ಕಾಗದ ಪೆನ್ನು ಕೇಳಿ ಇಸಿದುಕೊಂಡು, ಪಕ್ಕದ ಉಗ್ರಾಣಕ್ಕೆ ಹೋಗಿ ಬರೆಯಲು ಕೂತರು. ಗಡಿಯಾರದ ವಿಷಯ, ರುಜುವಿನ ವಿಷಯ, ಎರಡನ್ನೂ.

ಮಂತ್ರಿಮಂಡಲದ ಕಾರ್ಯದರ್ಶಿಗೆ ಫೋನು ಹತ್ತಿದಾಗ ಒಂದೂ ಹತ್ತು. ಇನ್‌ಸ್ಪೆಕ್ಟರಮ್ಮ ಕಾಗದದ ಫೋಟೋ ಕಳಿಸಿ, ಗಡಿಯಾರದ ಕಥೆಯನ್ನು ಮೊದಲಿನಿಂದ ಹೇಳಿದರು. ಹದಿನೈದು ನಿಮಿಷದಲ್ಲಿ ರಸ್ತೆಯ ಅಡಿಯ ಮಣ್ಣೆಲ್ಲ ಕೊಚ್ಚಿಹೋಗುವುದು ಹೇಗೆ ಅಂತ ನಿನ್ನೆಯಿಂದ ತಲೆ ಕೊರೆಯುತ್ತಿತ್ತು. ನಲವತ್ತು ನಿಮಿಷವಾದರೆ ಸರಿಹೋಗುತ್ತದೆ. ಇನ್ನೂ ಒಂದಿದೆ. ಕಾಗದದಲ್ಲಿ ಆರೂ ಐದಕ್ಕೆ ಒತ್ತಡ ಎರಡನೇ ಸಲ ಬಿದ್ದಿದೆ. ರಸ್ತೆ ಕುಸಿದ ಗುರುತು ಅಂದುಕೊಂಡಿದ್ದೆವು. ಇಪ್ಪತ್ತೈದು ಕಳೆದರೆ ಅದು ಸರಿಯಾಗಿ ಐದೂ ನಲವತ್ತು, ಪಂಪು ನಿಲ್ಲಿಸಿದ ಹೊತ್ತು.

ಆ ಕಡೆಯಿಂದ ಕಾರ್ಯದರ್ಶಿ ನಿಧಾನವಾಗಿ ಕೇಳಿದರು, ಹಾಗಾದರೆ ಒಡೆದ ಕೊಳವೆಗೆ ನೀರು ನುಗ್ಗುವುದನ್ನು ನಿಲ್ಲಿಸಿದ್ದೇ ಅವರು ಅಂತಲೇ?

"ಹೌದು ಸರ್. ನಿಲ್ಲಿಸದೇ ಇದ್ದಿದ್ರೆ ಬೀದಿಯ ಮನೆಗಳೂ ಹೊಂಡದಲ್ಲಿರ್ತಿದ್ವು."

"ಅಂದ್ರೆ ಅವರು ತಪ್ಪೇ ಮಾಡಿಲ್ಲ ಅಂತೀರಾ?"

"ತಪ್ಪೇ. ಬೀಗ ಮುರಿದು ಮನೆಯೊಳಗೆ ಬಂದಿದಾರೆ. ಯಾರು ಅಂತ ಹಿಡಿಯೋಣ, ಜಗತ್ತಿಗೆಲ್ಲ ಹೇಳೋಣ, ಬೀಗ ಬದಲಿಸೋಣ. ಆದ್ರೆ ಕಳ್ಳ ಬಂದು ಒಲೆ ಮೇಲೆ ಉಕ್ಕುತ್ತಿದ್ದ ಹಾಲಿನ ಕೆಳಗೆ ಉರಿ ಆರಿಸಿ ಹೋಗಿದ್ರೆ, ಅದಕ್ಕೆ ಅವನ ಇಡೀ ಕೇರಿಗೆ ಬೆಂಕಿ ಇಡೋಕಾಗತ್ತಾ ಸರ್?"

"ನಾಳೆ ಅದೇ ಕಳ್ಳ ಒಲೆ ಹಚ್ಚಿ ಹೋದ್ರೆ?"

"ಆಗ ನಿಮ್ಮ ನಿಯಮ ಇದೆ. ನಾಳೆಯ ಬೆಂಕಿಗೆ ಇವತ್ತೇ ಕೇರಿ ಸುಡೋದು ಬೇಡ."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಫೋಟೋ ತೋರಿಸಿ ಮಾತು ಶುರುಮಾಡುತ್ತೇನೆ, ಆದರೆ ಅಸಲು ಕಾಗದ, ಮೇಸ್ತ್ರಿಯ ಹೇಳಿಕೆ ಎರಡೂ ಕೈಗೆ ಬರಬೇಕು ಅಂದರು.

ತಜ್ಞರು ಹೇಗೂ ತಮ್ಮ ವರದಿ ಹಿಡಿದು ಅಲ್ಲಿಗೇ ಹೊರಟಿದ್ದರು. ಇನ್‌ಸ್ಪೆಕ್ಟರಮ್ಮ ದುಂಡು ಕಾಗದವನ್ನೂ ಹೇಳಿಕೆಯನ್ನೂ ಒಂದು ದೊಡ್ಡ ಲಕೋಟೆಗೆ ಹಾಕಿ ಅವರ ಕೈಗೆ ಕೊಟ್ಟು, ವಿಷಯ ಹೇಳಿದರು. ತಜ್ಞರು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅವರ ಕಣ್ಣು ಒದ್ದೆಯಾಗಿದ್ದ ಹಾಗೆ ಕಂಡಿತು. "ಒಳ್ಳೇದಾಯ್ತು," ಅಂದರು, ಅಷ್ಟೆ. ಕಾರು ಹೊರಟಿತು.

ಎರಡೂ ಐದಕ್ಕೆ ಫೋನು ಬಂತು. ಲಕೋಟೆ ಇನ್ನೂ ಬಂದಿಲ್ಲ, ಆದರೆ ಫೋಟೋ ನೋಡಿದ ಮೇಲೆ ಯಾರಿಗೂ ಯುದ್ಧದ ಮಾತು ಎತ್ತಲು ಬಾಯಿ ಬರಲಿಲ್ಲ ಅಂದರು ಕಾರ್ಯದರ್ಶಿ. ಸೇನೆಗೆ ಹಿಂದೆ ಸರಿಯಲು ಹೇಳಿಯಾಗಿದೆ. ಪ್ರತಿಭಟನೆಯ ಪತ್ರವೊಂದು ಹೋಗುತ್ತದೆ. ಮೇಸ್ತ್ರಿಗೆ ನೋಟಿಸೂ ಹೋಗುತ್ತದೆ. ಆಸ್ಪತ್ರೆಯಿಂದಲೂ ಒಳ್ಳೇ ಸುದ್ದಿ ಇತ್ತು. ಡ್ರೈವರನ ಕಾಲುಗಳು ಉಳಿಯುತ್ತವೆ, ಅವನು ವ್ಯಾನಿನಲ್ಲಿದ್ದ ಹಾಲು ಏನಾಯಿತು ಅಂತ ಕೇಳುತ್ತಿದ್ದಾನೆ.

ಇನ್‌ಸ್ಪೆಕ್ಟರಮ್ಮ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತರು. ನಿನ್ನೆಯಿಂದ ಮೊದಲ ಸಲ ಹಸಿವಾಯಿತು. ಫೋನು ಟಿಣ್ ಅಂದಿತು. "ವಾಪಸ್ ಹೊರಟ್ವಿ. ಬೆಳಗ್ಗೆ ಊಟ ಮಾಡಿರಲಿಲ್ಲ, ಈಗ ಮಾಡ್ತೀನಿ." ಕಳ್ಳಿ ಅಂದುಕೊಂಡು ನಗುವಾಗ ಕಣ್ಣೊರೆಸಿಕೊಂಡರು.

ಮೇಸ್ತ್ರಿ ಪಕ್ಕದಲ್ಲಿ ಬಂದು ಕೂತರು. ನೋಟಿಸಿನ ಸುದ್ದಿ ಕೇಳಿ, ಇದಾದರೂ ನನ್ನ ಅಳತೆಗೆ ಸರಿಯಾಗಿದೆ ಅಂದರು. ಹಗುರವಾಗಿದ್ದರು. ಆ ಕಾಗದ ಇನ್ನೊಂದು ಸಲ ತೋರಿಸಿ ಅಮ್ಮಾ, ನಿನ್ನೆ ಗಾಬರಿಯಲ್ಲಿ ನಾನು ಸರಿಯಾಗಿ ನೋಡಲೇ ಇಲ್ಲ ಅಂದರು.

ಇನ್‌ಸ್ಪೆಕ್ಟರಮ್ಮ ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ಕೊಟ್ಟರು. ಮೇಸ್ತ್ರಿ ಎರಡನೇ ಇಳಿತದ ಮೇಲೆ ಬೆರಳಿಟ್ಟರು. ಝೆರಾಕ್ಸಿನಲ್ಲಿ ಒಂದೇ ಇಳಿಜಾರಿನ ಹಾಗೆ ಕಂಡದ್ದು ಇಲ್ಲಿ ಮೂರು ಮೆಟ್ಟಿಲಾಗಿತ್ತು. ಮೊದಲು ಸಣ್ಣ ಮೆಟ್ಟಿಲು. ಆಮೇಲೆ ದೊಡ್ಡದು. ಕೊನೆಗೆ ನಡುವಿನದು.

ಬೆರಳು ಅಲ್ಲೇ ನಿಂತಿತು.

"ಮೂರನ್ನೂ ಒಟ್ಟಿಗೆ ನಿಲ್ಲಿಸಿಲ್ಲ. ಒಟ್ಟಿಗೆ ನಿಲ್ಲಿಸಿದ್ರೆ ನೀರು ವಾಪಸ್ ಬಂದು ಹೊಡೀತದೆ, ಎಲ್ಲ ಕೊಳವೆನೂ ಸೀಳ್ತದೆ. ಚಿಕ್ಕಕ್ಕ, ದೊಡ್ಡಕ್ಕ, ನಡುವಕ್ಕ. ಪುಸ್ತಕದಲ್ಲಿ ದೊಡ್ಡದು ಮೊದಲು ಅಂತಿದೆ, ಅದು ತಪ್ಪು. ಈ ಕ್ರಮ ಎಲ್ಲೂ ಬರೆದಿಲ್ಲ ಅಮ್ಮಾ. ಇದು ನನ್ನ ಕೈ."

"ನಿಮ್ಮದಾ?"

"ನಾನು ಕಲಿಸಿದ್ದು. ನಮ್ಮ ಪಾಳಿಯವರು ಪುಸ್ತಕ ಬಿಟ್ಟು ಒಂದು ಗುಂಡಿ ಒತ್ತೋರಲ್ಲ. ಹನ್ನೆರಡು ವರ್ಷದ ಹಿಂದೆ ಒಬ್ಬ ಬಂದಿದ್ದ, ನಾಲ್ಕು ತಿಂಗಳು, ಕೆಲಸ ಕಲಿಯೋಕೆ. ಅವನೊಬ್ಬನಿಗೇ ಕಲಿಸಿದ್ದೆ. ಇಷ್ಟುದ್ದ ಇದ್ದ. ಮೊದಲ ದಿನ ತೊಲೆಗೆ ಹೊಡಕೊಂಡು ಮೂರು ಹೊಲಿಗೆ ಹಾಕಿಸಿಕೊಂಡ. ಕೊನೆಕೊನೆಗೆ ಕಣ್ಣು ಕಟ್ಟಿ ಬಿಟ್ಟರೂ ಬಗ್ಗಿ ಒಳಗೆ ಬರ್ತಿದ್ದ."

ಇನ್‌ಸ್ಪೆಕ್ಟರಮ್ಮನ ಕೈ ತಾನಾಗಿಯೇ ಹಣೆಯ ಬುಗುಟಿನ ಮೇಲೆ ಹೋಯಿತು. ತನಗಿಂತ ಒಂದು ತಲೆ ಎತ್ತರದ ಮನುಷ್ಯ. ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋದವರು. ಇಂಥ ಜಾಗ ಜನ್ಮದಲ್ಲಿ ನೋಡಿಲ್ಲ ಅಂದವರು. ಇವತ್ತು ಅವರ ಹಣೆಗೆ ತೊಲೆ ತಾಗಿಯೇ ಇರಲಿಲ್ಲ.

ಅಷ್ಟರಲ್ಲಿ ಮತ್ತೆ ಫೋನು. ಕಾರ್ಯದರ್ಶಿಯೇ. ಕಾರು ಬಂತು, ಲಕೋಟೆಯೂ ಬಂತು, ಕಾಗದ ಸುರಕ್ಷಿತವಾಗಿದೆ ಅಂದರು. ಆದರೆ ತಜ್ಞರು ಬಂದಿಲ್ಲ. ಹೊಂಡದ ಬೀದಿಯ ಹತ್ತಿರ ಇಳಿದುಕೊಂಡರಂತೆ, ಲಕೋಟೆ ಜೋಪಾನವಾಗಿ ಮುಟ್ಟಿಸು ಅಂತ ಕಾರಿನವನಿಗೆ ಹೇಳಿ ಜನರ ನಡುವೆ ನಡೆದುಹೋದರಂತೆ. ಫೋನು ಎತ್ತುತ್ತಿಲ್ಲ.

"ಲಕೋಟೆ ಹಿಂದೆ ಪೆನ್ಸಿಲಿನಲ್ಲಿ ಏನೋ ಬರೆದಿದಾರೆ, ನಿಮಗೇ ಅಂತೆ. ನನಗಂತೂ ತಲೆಬುಡ ಗೊತ್ತಾಗಲಿಲ್ಲ. ಈ ದೊಡ್ಡಕ್ಕ ಅಂದ್ರೆ ಯಾರು ಇನ್‌ಸ್ಪೆಕ್ಟರ್?"

"ಓದಿ ಸರ್," ಅಂದರು ಇನ್‌ಸ್ಪೆಕ್ಟರಮ್ಮ.

ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಬಿಡಿಬಿಡಿಯಾಗಿ ಓದಿದರು.

"'ಇಂದೇ ದೊಡ್ಡಕ್ಕನ ತಂತಿ ಕಂಪ್ಯೂಟರಿನಿಂದ ಬಿಡಿಸಿ, ಕೈಯಲ್ಲಿ ನಡೆಸಲು ಹೇಳಿ. ಗಡಿಯಾಚೆಯವರು ಮತ್ತೆ ಅಪ್ಪಣೆ ಕೊಡುತ್ತಾರೆ. ಮುಂದಿನ ಸಲ ನಿಲ್ಲಿಸುವವನು ನಾನಾಗಿರುವುದಿಲ್ಲ.'"